ಓಟದ ವಾಚ್: ಕೆಲವು ವರ್ಷ ಬಳಸಿದ ಮೇಲೆ

ಮಧ್ಯಮ ದರ್ಜೆಯ ಜಿಪಿಎಸ್ ವಾಚ್ ಇದು. ಐದು ಬಟನ್, ಟಚ್ ಸ್ಕ್ರೀನ್ ಇಲ್ಲ. ನಾನು ಪದಕಕ್ಕಾಗಿ ಓಡುವವನಲ್ಲ. ಕೆಲಸಕ್ಕೆ ಹೋಗುವ ಮುಂಚೆ ಬೆಳಗಿನ ಓಟ, ಆಗಾಗ ಒಂದು ಹಾಫ್ ಮ್ಯಾರಥಾನ್, ಅಷ್ಟೇ. ನನಗೆ ಬೇಕಾದದ್ದನ್ನು ಇದು ಎಷ್ಟು ಕೊಟ್ಟಿದೆ ಅನ್ನುವುದನ್ನು ಮಾತ್ರ ಬರೆಯುತ್ತೇನೆ.

ಮೊದಲು ಸಿಟ್ಟು ಬರಿಸಿದ ವಿಷಯ. ಆರಾಮಾಗಿ ಓಡುತ್ತಿರುತ್ತೇನೆ, ಪಕ್ಕದವರ ಜೊತೆ ಮಾತಾಡುವಷ್ಟು ಉಸಿರಿದೆ. ವಾಚ್ ಮಾತ್ರ ಎದೆಬಡಿತ 172 ಅಂತ ತೋರಿಸುತ್ತದೆ! ನಿಂತು, ಕುತ್ತಿಗೆಯ ಮೇಲೆ ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ 140ರ ಆಸುಪಾಸು ಬರುತ್ತದೆ. ಹಾಗಾದರೆ ಆ 172 ಏನು? ನಿಮಿಷಕ್ಕೆ ನಾನು ಹಾಕುವ ಹೆಜ್ಜೆಗಳ ಲೆಕ್ಕ. ವಾಚಿನ ತಳದ ಸೆನ್ಸರ್ ಚರ್ಮದೊಳಕ್ಕೆ ಹಸಿರು ಬೆಳಕು ಬಿಡುತ್ತದೆ. ರಕ್ತ ಹರಿದಂತೆಲ್ಲ ವಾಪಸ್ ಬರುವ ಬೆಳಕು ಹೆಚ್ಚು ಕಡಿಮೆ ಆಗುತ್ತದೆ, ಅದನ್ನೇ ಬಡಿತ ಅಂತ ಎಣಿಸುತ್ತದೆ. ಆದರೆ ಓಡುವಾಗ ಕೈ ಬೀಸುತ್ತೇವಲ್ಲ, ಆಗಲೂ ಬೆಳಕು ಹಾಗೇ ಏರಿಳಿಯುತ್ತದೆ. ಪಟ್ಟಿ ಸ್ವಲ್ಪ ಸಡಿಲವಾದರೂ ಸಾಕು, ಹೆಜ್ಜೆಯ ತಾಳವನ್ನೇ ಹಿಡಿದುಕೊಂಡುಬಿಡುತ್ತದೆ. ಚಳಿ ಇದ್ದರೆ ಈ ಕಾಟ ಇನ್ನೂ ಜಾಸ್ತಿ, ಯಾಕೆಂದರೆ ಚರ್ಮದ ಹತ್ತಿರದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ.

ಸುಮ್ನೆ ತಪ್ಪು ತೋರಿಸಿದ್ದರೆ ಬಿಟ್ಟುಬಿಡುತ್ತಿದ್ದೆ. ಅದೇ ತಪ್ಪು ಅಂಕಿ ಇಟ್ಟುಕೊಂಡು ‘ಇವತ್ತು ತುಂಬಾ ಕಠಿಣ ಓಟ, ವಿಶ್ರಾಂತಿ ತಗೊಳ್ಳಿ’ ಅಂತ ಸಲಹೆ ಬೇರೆ ಕೊಡುತ್ತದೆ. ಹೊಸದಾಗಿ ಓಡಲು ಶುರು ಮಾಡಿದವರು ಇದನ್ನು ನಂಬಿ ಹೆದರಿಕೊಳ್ಳುತ್ತಾರೆ, ಅದೇ ನನ್ನ ಬೇಸರ. ವಾಚ್ ತಾನಾಗಿಯೇ ಹಾಕಿಕೊಳ್ಳುವ ಗರಿಷ್ಠ ಬಡಿತವೂ 220ರಿಂದ ವಯಸ್ಸು ಕಳೆದು ಬಂದದ್ದು. ಅದು ಬರೀ ಸರಾಸರಿ. ಒಬ್ಬೊಬ್ಬರಿಗೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಹುದು. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಜಾರದ ಹಾಗೆ ಕಟ್ಟಿದರೆ ಎಷ್ಟೋ ವಾಸಿ. ಇಂಟರ್ವಲ್ (ಸ್ವಲ್ಪ ಹೊತ್ತು ಜೋರಾಗಿ, ಸ್ವಲ್ಪ ಹೊತ್ತು ನಿಧಾನವಾಗಿ, ಹೀಗೆ ಬದಲಿಸುತ್ತಾ) ಓಡುವ ದಿನ ಎದೆಗೆ ಕಟ್ಟುವ ಪಟ್ಟಿ ಬಳಸುತ್ತೇನೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಈ ಗೊಂದಲ ಇಲ್ಲ.

ಇಷ್ಟಾದರೂ ಈ ವಾಚ್ ಬಿಟ್ಟುಕೊಡುವುದಿಲ್ಲ. ಕಾರಣ ಬಲಗಡೆ ಕೆಳಗಿರುವ ಲ್ಯಾಪ್ ಬಟನ್, ಅಂದರೆ ಓಟದ ಒಂದೊಂದು ಭಾಗದ (ಲ್ಯಾಪಿನ) ಸಮಯವನ್ನು ಬೇರೆ ಬೇರೆ ಹಿಡಿಯುವ ಬಟನ್. ಅದರ ಮೇಲೆ ಸಣ್ಣ ಗೆರೆಗಳಿವೆ, ನೋಡದೆಯೇ ಬೆರಳಿಗೆ ಸಿಗುತ್ತದೆ. ಒತ್ತಿದರೆ ಟಕ್ ಅಂತ ಒಳಗೆ ಹೋಗುತ್ತದೆ, ಕೈ ಒಮ್ಮೆ ಜುಮ್ ಅನ್ನುತ್ತದೆ, ಆ ಲ್ಯಾಪಿನ ಸಮಯ ಕೆಲವು ಸೆಕೆಂಡ್ ದಪ್ಪ ಅಕ್ಷರದಲ್ಲಿ ನಿಲ್ಲುತ್ತದೆ. ಬೆವರಿರಲಿ, ಮಳೆ ಇರಲಿ, ಕೈತಪ್ಪಿದ್ದು ನೆನಪಿಲ್ಲ.

ರೇಸಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹಾಫ್ ಮ್ಯಾರಥಾನ್ ಅಂದರೆ 21.0975 ಕಿಮೀ. ಮುಗಿಸಿದಾಗ ವಾಚ್ 21.4 ತೋರಿಸಿದರೆ ‘ದಾರಿ ಉದ್ದ ಮಾಡಿದ್ದಾರೆ’ ಅಂತ ಎಷ್ಟೋ ಜನ ಬೈಯುತ್ತಾರೆ. ಪ್ರಮಾಣಿತ ದಾರಿಯನ್ನು ಅಳೆಯುವುದು ಸೈಕಲ್ ಚಕ್ರಕ್ಕೆ ಕೂರಿಸಿದ ಎಣಿಕೆ ಯಂತ್ರದಿಂದ, ತಿರುವಿನ ಅಂಚಿಗೆ 30 ಸೆಂಮೀ ಹತ್ತಿರದಲ್ಲಿ, ಓಡಲು ಸಾಧ್ಯವಿರುವ ಅತಿ ಚಿಕ್ಕ ಗೆರೆಯಲ್ಲಿ. ಕಡಿಮೆ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ನಾವು ಆ ಗೆರೆಯಲ್ಲಿ ಓಡುತ್ತೇವಾ? ಜನರನ್ನು ದಾಟಲು ಪಕ್ಕಕ್ಕೆ, ನೀರಿಗೆ ಇನ್ನೊಂದು ಪಕ್ಕಕ್ಕೆ. ಅದರ ಮೇಲೆ ಕಟ್ಟಡಗಳಿಗೆ ಬಡಿದು ಬರುವ ಜಿಪಿಎಸ್ ಸಂಕೇತದ ಅಂಕುಡೊಂಕು.

ಎರಡು ಗಂಟೆಯಲ್ಲಿ ಮುಗಿಸಬೇಕು ಅಂದರೆ 5:41 ಪೇಸ್ ಬೇಕು, ಅಂದರೆ ಒಂದು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್. ವಾಚ್ ತೋರಿಸುವ 5:41 ನಂಬಿಕೊಂಡು 21.4 ಓಡಿದರೆ ಎರಡು ಗಂಟೆಯ ಮೇಲೆ ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಆಗುತ್ತದೆ. ತಿಂಗಳುಗಟ್ಟಲೆ ತಯಾರಿ ಮಾಡಿದವರಿಗೆ ಅದು ಸಣ್ಣ ವಿಷಯ ಅಲ್ವಲ್ಲ. ಅದಕ್ಕೇ ಆಟೋ ಲ್ಯಾಪ್ (ಜಿಪಿಎಸ್ ಲೆಕ್ಕದಲ್ಲಿ ವಾಚ್ ತಾನೇ ಲ್ಯಾಪ್ ಹಾಕುವುದು) ಆಫ್ ಮಾಡಿ, ಪ್ರತಿ ಕಿಲೋಮೀಟರ್ ಬೋರ್ಡ್ ಹತ್ತಿರ ನಾನೇ ಬಟನ್ ಒತ್ತುತ್ತೇನೆ. ಸ್ಕ್ರೀನ್ ಮೇಲೆ ಎರಡೇ ಅಂಕಿ: ಈ ಲ್ಯಾಪಿನ ಸಮಯ, ಒಟ್ಟು ಸಮಯ. 10 ಕಿಮೀ ಬೋರ್ಡ್ ಬಂದಾಗ 56:53 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸರಿಯಾಗಿ ಹೋಗುತ್ತಿದ್ದೇನೆ. 400 ಮೀಟರ್ ಟ್ರ್ಯಾಕಿನಲ್ಲೂ ಹೀಗೇ. ಗೆರೆ ದಾಟಿದಾಗ ಒಂದು ಟಕ್.

ಬ್ಯಾಟರಿ ಮೊದಲಿನಷ್ಟು ಬರುವುದಿಲ್ಲ, ಆದರೂ ಸ್ನಾನಕ್ಕೆ ಹೋಗುವಾಗ ಚಾರ್ಜಿಗೆ ಹಾಕಿದರೆ ನನಗೆ ಸಾಕಾಗುತ್ತದೆ. ಉಪಗ್ರಹದ ಸಂಕೇತವನ್ನು ಎರಡು ಫ್ರೀಕ್ವೆನ್ಸಿಯಲ್ಲಿ ಹಿಡಿಯುವ ದುಬಾರಿ ಮಾಡೆಲ್‌ಗಳು ಎತ್ತರದ ಕಟ್ಟಡಗಳ ನಡುವೆ ಓಡುವವರಿಗೆ ಉಪಯೋಗಕ್ಕೆ ಬರುತ್ತವೆ. ನಾನು ಓಡುವುದು ಬಯಲಲ್ಲಿ, ಹಾಗಾಗಿ ಅಷ್ಟು ದುಡ್ಡು ಹಾಕುವುದಿಲ್ಲ. ಆ ದುಡ್ಡಲ್ಲಿ ಎದೆಪಟ್ಟಿ ತಗೊಂಡು, ಉಳಿದದ್ದನ್ನು ಮುಂದಿನ ಜೋಡಿ ಶೂಗೆ ಎತ್ತಿಡುವುದು ಒಳ್ಳೆಯದು. ಬರೀ ಟಚ್ ಇರುವ ವಾಚನ್ನಂತೂ ರೇಸಿಗೆ ಕಟ್ಟಿಕೊಂಡು ಹೋಗಬೇಡಿ.