ಮಂಡಿಪೇಟೆಯ ಬೋರ್ಡಿಲ್ಲದ ಪ್ಲೇಟಿನ ಅಂಗಡಿ: ಜಾಝ್ ಹುಡುಕುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಯಲ್ಲಿ ಜಾಝ್ ಇರುವುದು ಎರಡೇ ಪೆಟ್ಟಿಗೆ. ಎಣಿಸಿದರೆ ನೂರೈವತ್ತು ಗ್ರಾಮಫೋನ್ ಪ್ಲೇಟು ಇರಬಹುದು. ಉಳಿದದ್ದೆಲ್ಲ ಹಳೆ ಕನ್ನಡ ಸಿನಿಮಾ ಹಾಡು, ಹಿಂದಿ, ರಂಗಗೀತೆ, ವಚನ, ದೇವರನಾಮ. ಆದರೂ ಕಳೆದ ಎರಡು ವರ್ಷದಲ್ಲಿ ಜಾಝ್ ಎಲ್‌ಪಿಗೋಸ್ಕರ, ಅಂದರೆ ಹೆಚ್ಚು ಹೊತ್ತು ಓಡುವ ದೊಡ್ಡ ಪ್ಲೇಟಿಗೋಸ್ಕರ, ನಾನು ಬೆಂಗಳೂರಿಗೆ ಹೋಗಿದ್ದು ಒಂದೇ ಸಲ. ದುರ್ಗದಿಂದ ಬಸ್ಸು ಹತ್ತಿ ದಾವಣಗೆರೆಯ ಈ ಅಂಗಡಿಗೆ ಬಂದಿದ್ದಕ್ಕೆ ಲೆಕ್ಕವಿಲ್ಲ. ಯಾಕೆ ಅಂತ ಬರೆಯುತ್ತೇನೆ, ನಮ್ಮ ಕಡೆ ಈ ಹುಚ್ಚು ಹತ್ತಿದವರು ಇನ್ನೂ ಕೆಲವರು ಇದ್ದೇ ಇರುತ್ತಾರೆ, ಅವರಿಗೆ ಗೊತ್ತಾಗಲಿ.

ಅಂಗಡಿ ಮಂಡಿಪೇಟೆಯ ಒಳಗಿನ ಒಂದು ಓಣಿಯಲ್ಲಿದೆ. ಬೋರ್ಡು ಇಲ್ಲ. ಯಜಮಾನರಿಗೆ ಎಪ್ಪತ್ತು ದಾಟಿದೆ, ಹೆಸರು ಹಾಕಬೇಡಿ ಅಂದಿದ್ದಾರೆ, ಅದಕ್ಕೇ ಹಾಕಿಲ್ಲ. ಹಳೆ ಪ್ಲೇಟಿನ ಅಂಗಡಿ ಅಂದರೆ ಓಣಿಯಲ್ಲಿ ಯಾರಾದರೂ ತೋರಿಸುತ್ತಾರೆ. ಅವರದ್ದು ಮೂಲತಃ ರೇಡಿಯೋ ರಿಪೇರಿ ಕಸುಬು. ಜಾಝ್ ಅಂಟಿಕೊಂಡಿದ್ದೂ ಅಲ್ಲಿಂದಲೇ. ರಿಪೇರಿಯಾದ ಸೆಟ್ಟು ಶಾರ್ಟ್‌ವೇವ್ ಸರಿಯಾಗಿ ಹಿಡಿಯುತ್ತದಾ ಅಂತ ರಾತ್ರಿ ಹೊತ್ತು ಮುಳ್ಳು ತಿರುಗಿಸಿ ನೋಡುವಾಗ ವಾಯ್ಸ್ ಆಫ್ ಅಮೆರಿಕ ಸಿಗುತ್ತಿತ್ತಂತೆ. ಅದರಲ್ಲಿ ವಿಲಿಸ್ ಕಾನೊವರ್ ಅನ್ನುವವರು 1955ರಿಂದ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬರದವರಿಗೂ ತಿಳಿಯಲಿ ಅಂತ ಅವರು ಒಂದೊಂದೇ ಮಾತು ಬಿಡಿಸಿ ನಿಧಾನವಾಗಿ ಹೇಳುತ್ತಿದ್ದರು. ನಮ್ಮ ಯಜಮಾನರು ಎಸ್ಸೆಸ್ಸೆಲ್ಸಿ ಫೇಲು. ಆದರೆ ಯಾವ ಪ್ಲೇಟಿನಲ್ಲಿ ಡ್ರಮ್ಸ್ ಯಾರು, ಬೇಸ್ ಯಾರು ಅಂತ ಕವರ್ ನೋಡದೆ ಹೇಳುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೆ ಪ್ಲೇಟು ಕೊಳ್ಳುವವರಿಗೆ, ಅದಲು ಬದಲು ಮಾಡುವವರಿಗೆ ದೊಡ್ಡ ತಲೆನೋವು ಅಂದರೆ ಪ್ಲೇಟಿನ ಸ್ಥಿತಿಗೆ ಕೊಡುವ ಗ್ರೇಡು. ಎನ್‌ಎಂ ಅಂದರೆ ಹೊಸದರಂತೆ, ವಿಜಿ ಪ್ಲಸ್ ಅಂದರೆ ಸಣ್ಣಪುಟ್ಟ ಗೀರು, ವಿಜಿ ಅಂದರೆ ಸದ್ದು ಬರುತ್ತೆ ಆದರೂ ಕೇಳಬಹುದು, ಜಿ ಅಂದರೆ ಹೆಸರಿಗೆ ಗುಡ್, ನಿಜಕ್ಕೂ ಯಾರೂ ತಗೊಳ್ಳಬಾರದು. ಹೀಗೆ ಒಂದು ಲೆಕ್ಕವಿದೆ. ಆದರೆ ಅದನ್ನು ಹಾಕುವವರು ಮಾರುವವರೇ, ಮತ್ತು ಬಹಳ ಜನ ಹಾಕುವುದು ಕಣ್ಣಿಂದ ನೋಡಿ. ಕಿವಿಯಿಂದ ಕೇಳಿ ಹಾಕುವವರು ಕಡಿಮೆ. ಜಾಝ್‌ನಲ್ಲಿ ಇದು ತುಂಬಾ ಮುಖ್ಯ. ಬ್ರಶ್ಶಿನಲ್ಲಿ ಸವರುವ ಡ್ರಮ್ಸು, ಒಬ್ಬನೇ ನುಡಿಸುವ ಬೇಸು, ನಡುವೆ ಬಿಡುವ ಮೌನ, ಇವುಗಳ ಮೇಲೆ ಒಂದು ಟಕ್ ಬಿದ್ದರೂ ಕೇಳಿಸುತ್ತದೆ.

ನನಗೆ ಆದದ್ದು ಹೇಳುತ್ತೇನೆ. ಮೂರು ವರ್ಷದ ಹಿಂದೆ ದೂರದ ಊರಿನ ಒಬ್ಬ ಮಾರಾಟಗಾರರಿಂದ ಬ್ಲೂ ನೋಟ್ ಅನ್ನುವ ಜಾಝ್ ಕಂಪನಿಯ ಒಂದು ಎಲ್‌ಪಿ ತರಿಸಿದ್ದೆ. 4,200 ರೂಪಾಯಿ. ವಿಜಿ ಪ್ಲಸ್ ಅಂದಿದ್ದರು, ಫೋಟೋದಲ್ಲೂ ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದ ಮೇಲೆ ಹಾಕಿದರೆ ಮೊದಲ ಬದಿಯ ಮೊದಲ ನಾಲ್ಕು ನಿಮಿಷ ಪೂರ್ತಿ ಟಕ್, ಟಕ್, ಟಕ್. ಎಲ್‌ಪಿ ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ಸುತ್ತುತ್ತದಲ್ವಾ, ಹಾಗಾಗಿ ಅಡ್ಡ ಗೀರು ಬಿದ್ದಿದ್ದರೆ ಸರಿಯಾಗಿ 1.8 ಸೆಕೆಂಡಿಗೊಂದು ಟಕ್. ತಾಳದ ಜೊತೆ ಅದು ಕೂಡುವುದಿಲ್ಲ, ಬಿಡುವುದೂ ಇಲ್ಲ. ಸ್ಯಾಕ್ಸೋಫೋನ್ ಕೇಳೋಣ ಅಂತ ಕೂತರೆ ಮನಸ್ಸು ಮುಂದಿನ ಟಕ್ಕಿಗೆ ಕಾಯುತ್ತಾ ಕೂರುತ್ತದೆ. ಫೋನು ಮಾಡಿದರೆ ನಿಮ್ಮ ಮುಳ್ಳು ಸರಿಯಿಲ್ಲ ಅಂದರು. ದುಡ್ಡೂ ವಾಪಸು ಬರಲಿಲ್ಲ.

ಅದೇ ಪ್ಲೇಟು ಹಿಡಿದುಕೊಂಡು, ಏನಾದರೂ ಮಾಡಬಹುದಾ ಅಂತ ಮೊದಲ ಸಲ ಈ ಅಂಗಡಿಗೆ ಬಂದಿದ್ದು. ಯಜಮಾನರು ಅಂಚು ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಓರೆ ಮಾಡಿ ನೋಡಿದರು. ಆಮೇಲೆ ಕಿರುಬೆರಳಿನ ಉಗುರನ್ನು ಗೀರಿನ ಮೇಲೆ ಮೆಲ್ಲಗೆ ಆಡಿಸಿದರು. "ಉಗುರಿಗೆ ಹತ್ತೈತಿ ನೋಡ್ರಿ. ಉಗುರಿಗೆ ಹತ್ತಿದ್ದು ಕಿವಿಗೂ ಹತ್ತತೈತಿ. ತೊಳೆದ್ರೆ ಹೋಗಂಗಿಲ್ಲ" ಅಂದರು. ಅಷ್ಟೇ. ತೊಳೆದುಕೊಡುತ್ತೇನೆ ಅಂತ ಇನ್ನೂರು ರೂಪಾಯಿ ಕೇಳಿದ್ದರೆ ಕೊಟ್ಟು ಬರುತ್ತಿದ್ದೆ, ಅವರು ಕೇಳಲಿಲ್ಲ. ಲೇಬಲ್ಲಿನ ಪಕ್ಕ ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಜಾಗವಿದೆಯಲ್ಲ, ಅಲ್ಲಿ ಭೂತಗನ್ನಡಿ ಹಿಡಿದು ಸಣ್ಣ ಅಕ್ಷರ ತೋರಿಸಿದರು. ಆರ್‌ವಿಜಿ ಅಂತಿತ್ತು. ರುಡಿ ವ್ಯಾನ್ ಗೆಲ್ಡರ್, ಬ್ಲೂ ನೋಟ್‌ನ ಬಹಳಷ್ಟು ರೆಕಾರ್ಡಿಂಗ್ ಮಾಡಿದ ಇಂಜಿನಿಯರ್. ಶುರುವಿನಲ್ಲಿ ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವ ಕೆಲಸ, ಬಿಡುವಿನಲ್ಲಿ ಅಪ್ಪ ಅಮ್ಮನ ಮನೆಯ ನಡುಮನೆಯಲ್ಲಿ ರೆಕಾರ್ಡಿಂಗ್. ಆ ಮೂರಕ್ಷರ ಇದ್ದರೆ ಪ್ಲೇಟಿನ ಮೂಲ ಅಚ್ಚು (ಮಾಸ್ಟರು) ಅವರೇ ಕೊರೆದದ್ದು ಅಂತ ಸಂಗ್ರಹ ಮಾಡುವವರು ಜಾಸ್ತಿ ಬೆಲೆ ಕೊಡುತ್ತಾರೆ. ನನ್ನ ಪ್ಲೇಟಿನಲ್ಲಿ ಅದು ಇದ್ದದ್ದು ನನಗೇ ಗೊತ್ತಿರಲಿಲ್ಲ.

ಇಲ್ಲಿ ಪ್ರತಿ ಜಾಝ್ ಪ್ಲೇಟಿನೊಳಗೂ ಒಂದು ಚೀಟಿ ಇರುತ್ತದೆ. ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ಬರೆದದ್ದು. ಗ್ರೇಡು ಇರುವುದಿಲ್ಲ. ನಾನು ತಗೊಂಡ ಒಂದರ ಚೀಟಿ ಈಗಲೂ ನನ್ನ ಹತ್ತಿರ ಇದೆ: "ಎ ಬದಿ 2ನೇದು, ಶುರುವಿಗೆ 9 ಟಕ್. 3ನೇದು ಚೊಕ್ಕ. ಬಿ ಬದಿ ಕೊನೆಗೆ ಸ್ವಲ್ಪ ಸರಸರ. ಕವರ್ ಕೆಳಗೆ ಬಿಟ್ಟಿದೆ, ಅಂಟಿಸಿಲ್ಲ." ಅದು ಅಮೆರಿಕದ ಜಾಝ್ ಮೇಳದ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ಫಾರ್ ಈಸ್ಟ್ ಸ್ವೀಟ್. 1963ರಲ್ಲಿ ಎಲಿಂಗ್ಟನ್ ತಮ್ಮ ಇಡೀ ಮೇಳ ಕರೆದುಕೊಂಡು ಭಾರತಕ್ಕೂ ಬಂದಿದ್ದರು, ಆ ಪ್ರವಾಸದ ನೆನಪಿನಲ್ಲಿ ಮಾಡಿದ್ದು, 1967ರಲ್ಲಿ ಹೊರಬಂತು. ಎ ಬದಿಯ 2ನೇದರಲ್ಲಿ ಒಂದು ಮೈನಾ ಹಕ್ಕಿ ಕೂಗುತ್ತದೆ, ಕ್ಲಾರಿನೆಟ್‌ನಲ್ಲಿ, ಜಿಮ್ಮಿ ಹ್ಯಾಮಿಲ್ಟನ್ ನುಡಿಸಿದ್ದು. ಮನೆಯಲ್ಲಿ ಹಾಕಿ ಬೆರಳು ಮಡಚಿ ಎಣಿಸಿದೆ. ಒಂಬತ್ತೇ ಟಕ್. ಆಮೇಲೆ ಹಕ್ಕಿ ಒಂದೇ. ಒಂಬತ್ತು ಅಂತ ಮೊದಲೇ ಗೊತ್ತಿದ್ದರೆ ಅದು ತೊಂದರೆ ಅನ್ನಿಸುವುದೇ ಇಲ್ಲ, ನೋಡಿ.

ಕೊಳ್ಳುವ ಮುಂಚೆ ಕೇಳಲೇಬೇಕು, ಅದು ಇಲ್ಲಿನ ನಿಯಮ. ಪ್ಲೇಟು ಹಾಕುವ ಹಳೆ ಟೆಕ್ನಿಕ್ಸ್ ಟರ್ನ್‌ಟೇಬಲ್ ಇದೆ, ಎರಡು ಹಳೆ ಸ್ಪೀಕರ್ ಇವೆ, ಒಂದು ಮರದ ಬೆಂಚು ಇದೆ. "ಕೇಳ್ರಿ ಮೊದ್ಲು, ರೊಕ್ಕದ ಮಾತು ಆಮ್ಯಾಲೆ" ಅನ್ನುತ್ತಾರೆ. ಬೆಣ್ಣೆ ದೋಸೆ ತಿಂದು ನೇರ ಬಂದವರನ್ನು ಮೊದಲು ನಲ್ಲಿ ಹತ್ತಿರ ಕಳಿಸುತ್ತಾರೆ, ಕೈಗೆ ಸೋಪು ಹಚ್ಚಿ ತೊಳೆದು ಬರಬೇಕು. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬರು ಪೇಟಿ ಮಾಸ್ತರು ಕೂತಿರುತ್ತಾರೆ. ಹಿಂದೆ ನಾಟಕ ಕಂಪನಿಗಳಲ್ಲಿ ಕಾಲುಪೇಟಿ ನುಡಿಸಿದವರು, ಈಗ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ಒಂದು ದಿನ ನಡೆದದ್ದನ್ನು ಹೇಳದಿದ್ದರೆ ಈ ಅಂಗಡಿಯ ವಿಷಯ ಪೂರ್ತಿ ಆಗುವುದಿಲ್ಲ.

ಅವತ್ತು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ ಬಂದಿತ್ತು. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಒತ್ತಿದ ಪ್ಲೇಟು, ಕೆಂಪು ಲೇಬಲ್ಲು, ಸುತ್ತ ಕೊಲಂಬಿಯಾ ಅಂತ ಕಂಪನಿ ಹೆಸರು. ಜಾಝ್ ಕೇಳುವವರಿಗೆ ಇದರ ಬಗ್ಗೆ ಹೇಳಬೇಕಾಗಿಲ್ಲ. ಯಜಮಾನರು ಟರ್ನ್‌ಟೇಬಲ್ಲಿನ ಅಂಚಿನ ಚುಕ್ಕಿಗಳು ಕೆಂಪು ದೀಪದಲ್ಲಿ ನಿಂತ ಹಾಗೆ ಕಾಣುವವರೆಗೆ ವೇಗ ಸರಿ ಮಾಡಿ ಮೊದಲು ಎರಡನೇ ಬದಿ ಹಾಕಿದರು. ಮಾಸ್ತರು ತೊಡೆ ಮೇಲಿದ್ದ ಪೇಟಿಯ ತಿದಿ ಒತ್ತಿ ಒಂದು ಮನೆ (ಸ್ವರದ ಕೀ) ಹಿಡಿದರು. "ಬಿಳಿ ಐದು. ಸರಿ ಕುಂತೈತಿ" ಅಂದರು. ಆಮೇಲೆ ಪ್ಲೇಟು ತಿರುವಿ ಮೊದಲ ಬದಿ ಹಾಕಿದರೆ ಮಾಸ್ತರು ಬಿಳಿ ಎರಡು ಹಿಡಿದು ಹುಬ್ಬು ಗಂಟು ಹಾಕಿದರು. ಇನ್ನೊಂದು ಸಲ ಹಿಡಿದರು. "ಇದು ಏರೈತಿ. ಮನೀಗೆ ಕೂರವಲ್ದು. ಮಷೀನ್ ಓಡ್ತೈತೇನಪ್ಪ?" ಅಂತ ಕೇಳಿದರು. ಚುಕ್ಕಿಗಳು ನಿಂತೇ ಇದ್ದವು.

ಮಷೀನಿನದಲ್ಲ ತಪ್ಪು. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಮೊದಲ ಬದಿಯ ಮೂರು ಹಾಡು ರೆಕಾರ್ಡ್ ಮಾಡುವಾಗ ಟೇಪ್ ಮಷೀನು ಸ್ವಲ್ಪ ನಿಧಾನ ಓಡಿತ್ತು. ನಿಧಾನ ಓಡಿದ್ದನ್ನು ಸರಿಯಾದ ವೇಗದಲ್ಲಿ ಹಾಕಿದರೆ ಸ್ವರ ಮೇಲಕ್ಕೆ ಹೋಗುತ್ತದೆ. ಎರಡನೇ ಬದಿ ಮಾಡಿದ್ದು ಏಪ್ರಿಲ್ 22ಕ್ಕೆ, ಅಷ್ಟೊತ್ತಿಗೆ ಮಷೀನು ಸರಿಯಾಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಪ್ಲೇಟು ಹೊರಬಂತು, ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಲೋಕವೆಲ್ಲ ಆ ಏರಿದ ಮೊದಲ ಬದಿಯನ್ನೇ ಕೇಳಿತು. ಅದೇ ಹೊತ್ತಿಗೆ ಇನ್ನೊಂದು ಮಷೀನಿನಲ್ಲಿ ಮಾಡಿಟ್ಟಿದ್ದ ಹೆಚ್ಚುವರಿ ಟೇಪಿನಿಂದ 1992ರಲ್ಲಿ ಸರಿ ಮಾಡಿದರು. ನಾನು ಇದನ್ನು ಓದಿ ತಿಳಿದಿದ್ದೆ, ನನ್ನ ಕಿವಿಗೆ ಯಾವತ್ತೂ ಹತ್ತಿರಲಿಲ್ಲ. ಆ ಪ್ಲೇಟನ್ನು ಜೀವನದಲ್ಲಿ ಮೊದಲ ಸಲ ಕೇಳಿದ ಮಾಸ್ತರರು ಅರ್ಧ ನಿಮಿಷದಲ್ಲಿ ಹಿಡಿದರು. ಯಜಮಾನರು ಚೀಟಿಯಲ್ಲಿ ಅದನ್ನೂ ಬರೆದರು: "ಎ ಬದಿ ಏರು. ತಪ್ಪು ಕಂಪನಿಯದು." ಆ ಪ್ಲೇಟನ್ನು ನಾನೇ ತಗೊಂಡೆ. 1992ರ ನಂತರದ ಪ್ರತಿ ನನ್ನಲ್ಲಿ ಇದ್ದರೂ ತಗೊಂಡೆ.

ಅದಲು ಬದಲಿನ ಬಗ್ಗೆ. ನಿಮ್ಮ ಪ್ಲೇಟು ತಂದರೆ ಅವರು ಪೂರ್ತಿ ಎರಡೂ ಬದಿ ಕೇಳಿಯೇ ಬೆಲೆ ಹೇಳುವುದು, ಹಾಗಾಗಿ ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಐದಾರು ತಂದರೆ ಬಿಟ್ಟು ಹೋಗಿ ಮುಂದಿನ ವಾರ ಬರಬೇಕು. ನನ್ನ ಹತ್ತಿರ ಪಿಯಾನೋ ವಾದಕ ಡೇವ್ ಬ್ರೂಬೆಕ್ ಅವರ ಟೈಮ್ ಔಟ್ ಎರಡಿದ್ದವು, ಒಂದನ್ನು ಕೊಟ್ಟು ಮೇಲೆ 600 ರೂಪಾಯಿ ಸೇರಿಸಿ ಆ ಎಲಿಂಗ್ಟನ್ ತಗೊಂಡೆ. ಒಂದು ಉದ್ದ ನೋಟ್‌ಬುಕ್ಕು ಇದೆ, ಯಾರಿಗೆ ಏನು ಬೇಕು ಅಂತ ಅದರಲ್ಲಿ ಬರೆಸಬಹುದು. ಹೀಗೆ ಬರೆಸಿದ್ದರಿಂದಲೇ ರಾಣೆಬೆನ್ನೂರಿನ ಒಬ್ಬರು ಮೇಷ್ಟ್ರು ನನಗೆ ಪರಿಚಯವಾದರು, ಈಗ ನಾವಿಬ್ಬರೂ ತಿಂಗಳಿಗೆ ನಾಲ್ಕು ಪ್ಲೇಟು ಸುಮ್ನೆ ಕೇಳಲಿಕ್ಕೆ ಅಂತ ಕೊಟ್ಟು ತರುತ್ತೇವೆ, ದುಡ್ಡಿನ ಮಾತೇ ಇಲ್ಲ.

ಪೋಸ್ಟಿನಲ್ಲಿ ಕಳಿಸುವಾಗ ಪ್ಲೇಟನ್ನು ಕವರ್ ಒಳಗಿಂದ ತೆಗೆದು ಕವರಿನ ಹಿಂದೆ ಇಡುವುದನ್ನು ಕಲಿತದ್ದೂ ಇಲ್ಲೇ. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಅಂಚು ಕವರನ್ನು ಸೀಳಿಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅವರು ಪಾರ್ಸಲ್ ಮಾಡುವುದೇ ಇಲ್ಲ. ನಮ್ಮ ಕಡೆಯ ಬಿಸಿಲಲ್ಲಿ ಮುಚ್ಚಿದ ವ್ಯಾನಿನೊಳಗೆ ಒಂದು ಮಧ್ಯಾಹ್ನ ಇದ್ದರೂ ಸಾಕು, ಪ್ಲೇಟು ಹಪ್ಪಳದ ಹಾಗೆ ಏಳುತ್ತದೆ.

ನಿಮಿಷಕ್ಕೆ 78 ಸುತ್ತು ಸುತ್ತುವ ಹಳೆ ಪ್ಲೇಟು ಇದ್ದವರಿಗೆ ಒಂದು ಮಾತು. ಅವು ಅರಗಿನವು, ಸ್ಪಿರಿಟ್ ಹಾಕಿ ಒರೆಸಿದರೆ ಅರಗೇ ಕರಗುತ್ತದೆ. ಎಲ್‌ಪಿ ಮುಳ್ಳೂ ಅದಕ್ಕೆ ಆಗುವುದಿಲ್ಲ, ಅದರ ಗೆರೆ ಅಗಲ, ದಪ್ಪ ಮುಳ್ಳೇ ಬೇಕು. ಇಲ್ಲಿ ಎರಡೂ ಮುಳ್ಳು ಇಟ್ಟಿದ್ದಾರೆ, ಅಜ್ಜನ ಕಾಲದ ಪ್ಲೇಟು ತಂದವರಿಗೆ ಸರಿಯಾದ ಮುಳ್ಳಲ್ಲಿ ಹಾಕಿ ಕೇಳಿಸುತ್ತಾರೆ.

ಜಾಝ್ ಪರಿಚಯವೇ ಇಲ್ಲದವರು ಬಂದರೆ ಯಜಮಾನರದ್ದು ಒಂದು ದಾರಿ ಇದೆ, ನನಗೆ ಬಹಳ ಇಷ್ಟವಾಗುವ ದಾರಿ. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಅವರು ಕೇಳಿದ ಕೃತಿ ಹಾಕಿ ಮುಗಿಸಿದ ಮೇಲೆ, ಇದನ್ನೂ ಕೇಳ್ರಿ ಅಂತ 2008ರ ಕಿನ್ಸ್‌ಮೆನ್ ಸೀಡಿ ಹಾಕುತ್ತಾರೆ. ಅದರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ಕದ್ರಿಯವರು ಜೊತೆಯಾಗಿ ನುಡಿಸಿದ್ದಾರೆ. ಒಂದೇ ವಾದ್ಯ, ಎರಡು ನಡೆ. ಒಬ್ಬರು ಗಮಕದಲ್ಲಿ ಜಾರುತ್ತಾರೆ, ಇನ್ನೊಬ್ಬರು ಅದನ್ನೇ ಹಿಡಿದು ಬೇರೆ ಕಡೆ ಹೊರಡುತ್ತಾರೆ. ಕಳೆದ ತಿಂಗಳು ಒಬ್ಬ ಹುಡುಗ, ಓಲಗದವರ ಮನೆಯವನು, ಎದ್ದು ಹೋಗದೆ ಒಂದು ಗಂಟೆ ಕೇಳಿದ. ಹೋಗುವಾಗ "ಅಜ್ಜಾರೆ, ಇಂಥಾದ್ದು ಇನ್ನೂ ಐತೇನ್ರಿ?" ಅಂದ. ಯಜಮಾನರು ಜಾಝ್ ಸ್ಯಾಕ್ಸೋಫೋನ್ ವಾದಕ ಕೋಲ್ಟ್ರೇನ್ ಅವರ ಪ್ಲೇಟು ಹಾಕಿದರು. ನಾನು ಆ ದಿನ ಏಳೂವರೆ ಬಸ್ಸಿಗೆ ಹೊರಟೆ, ಅವನು ಇನ್ನೂ ಕೂತಿದ್ದ.

ಕೊರತೆಗಳೂ ಇವೆ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕೂವರೆವರೆಗೆ ಬಾಗಿಲು ಹಾಕಿರುತ್ತದೆ, ದೂರದಿಂದ ಬಂದವರಿಗೆ ಕಷ್ಟ. ಫೋನ್‌ಪೇ ಇಲ್ಲ, ನಗದು ತರಬೇಕು. ಮಳೆಗಾಲದಲ್ಲಿ ಹಿಂದಿನ ಗೋಡೆ ಒದ್ದೆಯಾಗಿ ಕೆಳಗಿನ ಸಾಲಿನ ಕವರುಗಳಿಗೆ ಬೂಷ್ಟು ಹಿಡಿದಿದೆ, ಪೆಟ್ಟಿಗೆಗಳನ್ನು ಮೇಲೆತ್ತಿ ಇಡಿ ಅಂತ ನಾನು ನಾಲ್ಕು ಸಲ ಹೇಳಿದ್ದೇನೆ. ಪ್ಲೇಟುಗಳನ್ನು ನಿಲ್ಲಿಸಿಟ್ಟಿದ್ದಾರೆ, ಅದು ಸರಿ, ಆದರೆ ತುಂಬಾ ಬಿಗಿಯಾಗಿ ತುರುಕಿದ್ದಾರೆ, ಎಳೆಯುವಾಗ ಕವರಿನ ಮೂಲೆ ಸವೆಯುತ್ತದೆ. ಎಂಬತ್ತರ ದಶಕದ ನಂತರದ ಜಾಝ್ ಹೆಚ್ಚೇನೂ ಸಿಗುವುದಿಲ್ಲ. ಬೆಲೆ ಅಗ್ಗ ಅನ್ನಲಾರೆ, ಕೇಳಬಹುದಾದ ಎಲ್‌ಪಿಗೆ 700ರಿಂದ 2,500ರವರೆಗೆ ಹೇಳುತ್ತಾರೆ, ಚೌಕಾಸಿ ಇಲ್ಲ. ಆದರೆ ಹಾಕಿ ಕೇಳಿ ಕೊಂಡಿದ್ದಕ್ಕೆ ಆ ಬೆಲೆ ನನಗೆ ಜಾಸ್ತಿ ಅನ್ನಿಸಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹೋಗಿ, ಆಗ ಮಾಸ್ತರರೂ ಇರುತ್ತಾರೆ. ನಿಮ್ಮ ಹತ್ತಿರ ಎರಡೆರಡು ಇರುವ ಪ್ಲೇಟುಗಳನ್ನು ತನ್ನಿ, ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಕೂತು, ಮಲಗಿಸದೆ ಕಾಲ ನಡುವೆ ನಿಲ್ಲಿಸಿಕೊಂಡು ತನ್ನಿ. ನೋಟ್‌ಬುಕ್ಕಿನಲ್ಲಿ ನನ್ನ ಸಾಲು ಇದೆ, ಚಿತ್ರದುರ್ಗ ಅಂತ ಬರೆದಿದೆ, ಫಾರ್ ಈಸ್ಟ್ ಸ್ವೀಟ್‌ನ ಇನ್ನೂ ಒಳ್ಳೆ ಕವರು ಬೇಕು ಅಂತ. ಯಾರ ಹತ್ತಿರವಾದರೂ ಇದ್ದರೆ ಅದರ ಕೆಳಗೆ ಬರೆದು ಹೋಗಿ.