ಸಾವಯವ ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ, ಮೊದಲು ನೋಡಿ

ಶಿರಸಿ, ಸಿದ್ದಾಪುರ ಕಡೆಯ ಕಾಳುಮೆಣಸು ಬೆಳೆಗಾರರೇ, ಯುರೋಪಿಗೆ ಸಾವಯವ ಮೆಣಸು ಕಳುಹಿಸಿಕೊಡುತ್ತೇವೆ ಎಂದು ಯಾರಾದರೂ ಮನೆ ಬಾಗಿಲಿಗೆ ಬಂದಿದ್ದರೆ ಸಹಿ ಹಾಕುವ ಮುನ್ನ ಇದನ್ನು ಓದಿ. ಹಾಕಿ ಆಗಿದ್ದರೆ ಇವತ್ತೇ ಆ ಕಾಗದ ಹುಡುಕಿ ತೆಗೆಯಿರಿ.

ನಮ್ಮದು ಎಕರೆ, ಎರಡೆಕರೆ ಅಡಿಕೆ ತೋಟದಲ್ಲಿ ಬಳ್ಳಿ ಹಬ್ಬಿಸಿದವರ ಗುಂಪು. ಪ್ರಮಾಣಪತ್ರದ ಖರ್ಚು ಒಬ್ಬೊಬ್ಬರಿಗೆ ಎಟುಕುವುದಿಲ್ಲ, ಗುಂಪಾಗಿಯೇ ಮಾಡಿಸಬೇಕು. ಬೆಂಗಳೂರಿನ ರಫ್ತು ಕಂಪನಿಯೊಂದರವರು ಬಂದು ‘ಕಾಗದಪತ್ರದ ತಲೆಬಿಸಿ ನಮಗಿರಲಿ’ ಎಂದರು. ತಲೆಗಿಷ್ಟು ಎಂದು ಹಣ ಸೇರಿಸಿ ಕೊಟ್ಟೆವು. ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿ, ಅಂದರೆ ರಾಸಾಯನಿಕ ಬಿಟ್ಟು ಸಾವಯವ ಎನಿಸಿಕೊಳ್ಳುವವರೆಗಿನ ಕಾಲ, 3 ವರ್ಷ. ಅಷ್ಟೂ ಕಾಲ ಬುಡಕ್ಕೆ ಯೂರಿಯಾ ಸೋಕಲಿಲ್ಲ. ಸೊರಗು ರೋಗಕ್ಕೆ ಬಳ್ಳಿ ಸಾಲುಸಾಲಾಗಿ ಒಣಗಿದಾಗಲೂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನಷ್ಟೇ ಹಾಕಿಕೊಂಡು ಕುಳಿತೆವು.

ಕೊಯ್ಲು ಮುಗಿದು ಮಾಲು ನೋಡಲು ಅವರ ಮನುಷ್ಯ ಬಂದ. ಲೀಟರ್ ಡಬ್ಬಿಗೆ ಮೆಣಸು ಸುರಿದು, ಪಟ್ಟಿಯಿಂದ ಬಾಯಿ ಸಮ ಮಾಡಿ ತಕ್ಕಡಿಗಿಟ್ಟ. 550 ಗ್ರಾಂ ದಾಟಿತು. ಅಷ್ಟು ಲೀಟರ್ ತೂಕ ಬಂದರೆ ಒಳ್ಳೆಯ ಮಾಲು ಎಂದು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈತ ತಲೆ ಎತ್ತದೆ ‘ಕಾಳು ಹಗುರ’ ಎಂದು ಬರೆದುಕೊಂಡ. ಹೇಳಿದ ದರ ಶಿರಸಿ ಪೇಟೆಯ ಮಾಮೂಲಿ ಮೆಣಸಿಗಿಂತಲೂ ಕಡಿಮೆ!

ಹಾಗಾದರೆ ಕೊಚ್ಚಿಯ ಬೇರೆ ರಫ್ತುದಾರರಿಗೆ ಕೊಡುತ್ತೇವೆ ಎಂದೆವು. ಕಂಪನಿಯಿಂದ ಬಂದ ಉತ್ತರ: ‘ಧಾರಾಳವಾಗಿ ಮಾರಿ. ಮೆಣಸು ನಿಮ್ಮದೇ. ಪ್ರಮಾಣಪತ್ರ ಮಾತ್ರ ನಮ್ಮದು.’

ಧಾರಾಳವಾಗಿ ಅಂತೆ! ಪ್ರಮಾಣಪತ್ರ ತೆಗೆದು ನೋಡಿದರೆ ಮೇಲೆ ದಪ್ಪಕ್ಷರದಲ್ಲಿ ಕಂಪನಿಯ ಹೆಸರು, ನಮ್ಮ ಹೆಸರುಗಳೆಲ್ಲ ಹಿಂದಿನ ಪಟ್ಟಿಯಲ್ಲಿ. ಸಾವಯವ ಎಂದು ಮಾರಲು ಪ್ರತಿ ಮಾರಾಟಕ್ಕೂ, ಈ ಮಾಲು ಸಾವಯವವೇ ಎಂದು ತೋರಿಸುವ ವಹಿವಾಟು ಪ್ರಮಾಣಪತ್ರ ಬೇಕು. ಅದಕ್ಕೆ ಅರ್ಜಿ ಹಾಕಬೇಕಾದವರೂ ಅವರೇ. ಅವರು ಹಾಕದಿದ್ದರೆ 3 ವರ್ಷದ ದುಡಿಮೆ ಮಾಮೂಲಿ ಮೆಣಸು. ನಮ್ಮ ಕೈಯಾರೆ ಬರೆದ ತೋಟದ ಡೈರಿಗಳನ್ನಾದರೂ ಕೊಡಿ ಎಂದರೆ ‘ಅವು ಕಂಪನಿಯ ದಾಖಲೆಗಳು’. ಹಣ ಎಂದರೆ ‘ಅದು ಸೇವಾ ಶುಲ್ಕ’. ಆಮೇಲೆ ಯಾವಾಗ ಫೋನ್ ಮಾಡಿದರೂ ‘ಮೀಟಿಂಗಿನಲ್ಲಿದ್ದೇನೆ’. ಈ ನಡುವೆ ಸದಸ್ಯರ ಮನೆಯವರು ದಾರಿಯಲ್ಲಿ ಸಿಕ್ಕಿದಾಗ ‘ಜರ್ಮನಿಗೆ ಹೋಯಿತೇ ಮೆಣಸು?’ ಎಂದು ನನ್ನನ್ನು ಕೇಳುತ್ತಾರೆ. ಏನು ಹೇಳಲಿ?

ಹೊಟ್ಟೆ ಉರಿಯುವುದು ಏಕೆಂದರೆ, ಕಾಗದದ ಮೇಲೆ ಇದರಲ್ಲಿ ತಪ್ಪೇ ಇರಲಿಲ್ಲ. ಗುಂಪಿನ ಆಂತರಿಕ ನಿಯಂತ್ರಣ ವ್ಯವಸ್ಥೆಯನ್ನು, ಅಂದರೆ ಸದಸ್ಯರ ತೋಟಗಳ ತಪಾಸಣೆ, ದಾಖಲೆಯ ಕೆಲಸವನ್ನು, ರಫ್ತುದಾರರೇ ನಡೆಸುವುದಕ್ಕೆ ನಮ್ಮ ದೇಶದ ನಿಯಮದಲ್ಲಿ ಅವಕಾಶವಿತ್ತು. ಯುರೋಪಿನ 2018/848 ಸಾವಯವ ನಿಯಮ ಬೇರೆ ಮಾತು ಹೇಳುತ್ತದೆ: ಬೆಳೆಗಾರರ ಗುಂಪು ತಾನೇ ಕಾನೂನುಬದ್ಧ ಸಂಸ್ಥೆಯಾಗಿರಬೇಕು, ಸದಸ್ಯರು 2000 ಮೀರಬಾರದು. ಯುರೋಪಿನ ಹೆಸರು ಹೇಳಿಕೊಂಡು ಬಂದವರು ಇದೊಂದನ್ನು ಮಾತ್ರ ಹೇಳಲಿಲ್ಲ.

ಗುಂಪನ್ನು ನೋಂದಾಯಿಸಿ, ಪ್ರಮಾಣಪತ್ರ ಗುಂಪಿನ ಹೆಸರಿಗೇ ಮಾಡಿಸಿ. ಡೈರಿಯ ಒಂದು ನಕಲು ನಿಮ್ಮ ಮನೆಯಲ್ಲೇ ಇರಲಿ. ನೀವೇ ರಫ್ತು ಮಾಡಲು ಬೇಕಾದ ರಫ್ತು ಸಂಕೇತ ಸಂಖ್ಯೆಗೆ (ಐಇಸಿ) ಸರ್ಕಾರದ ಶುಲ್ಕ 500 ರೂಪಾಯಿ. ಅದಕ್ಕೆ ಸಾವಿರಗಟ್ಟಲೆ ಕೇಳುವವನ ಬಳಿ ರಸೀದಿ ಕೇಳಿ. ಪ್ರಮಾಣಪತ್ರ ಯಾರ ಹೆಸರಿಗೆ ಎಂದಾಗ ಮಾತು ಬದಲಿಸಿದನೋ, ಚಹಾ ಕೊಟ್ಟು ಕಳುಹಿಸಿಬಿಡಿ. ನಾವು ಊಟವನ್ನೂ ಹಾಕಿದ್ದೆವು.