ಪೋರ್ಟಲ್, ರೆಫರಲ್, ನೇರ ಮೇಲ್, ಕನ್ಸಲ್ಟೆನ್ಸಿ: ಕೆಲಸ ಹುಡುಕೋಕೆ ಯಾವುದು ಮೊದ್ಲು?

ಅಕೌಂಟ್ಸ್ ಲೈನಲ್ಲಿ ಕೆಲ್ಸ ಬದಲಾಯಿಸೋಕೆ ಹೊರಟಾಗ ಈ ನಾಲ್ಕೂ ದಾರಿನ ಒಟ್ಟೊಟ್ಟಿಗೇ ನಡೆಸಿದ್ದೆ. ಅದೇ ರೆಸ್ಯೂಮೆ, ಅದೇ ಅನುಭವ, ಆದ್ರೆ ಒಂದೊಂದು ಕಡೆಯಿಂದ ಬಂದ ರೆಸ್ಪಾನ್ಸ್ ಬೇರೆ ಬೇರೆ. ಯಾವುದು ಒಳ್ಳೇದು ಅನ್ನೋದಕ್ಕಿಂತ ಯಾವುದನ್ನ ಮೊದ್ಲು ಮಾಡ್ಬೇಕು ಅನ್ನೋದೇ ಮುಖ್ಯ, ಯಾಕಂದ್ರೆ ಒಂದು ದಾರೀಲಿ ಹೋದ್ರೆ ಇನ್ನೊಂದು ಮುಚ್ಚಿಹೋಗೋ ಚಾನ್ಸ್ ಇದೆ. ಇದನ್ನ ಯಾರೂ ಹೇಳಲ್ಲ, ಅದಕ್ಕೇ ಬರೀತಿದೀನಿ.

ಪೋರ್ಟಲಲ್ಲಿ ಅಪ್ಲೈ ಮಾಡೋದು ಬಹಳ ಸುಲಭ, ನಮಗೆ ಸುಲಭ ಅಂದ್ಮೇಲೆ ಎಲ್ರಿಗೂ ಸುಲಭ, ಹಾಗಾಗಿ ಒಂದು ಪೋಸ್ಟಿಗೆ ರಾಶಿ ರಾಶಿ ಅರ್ಜಿ ಬೀಳುತ್ತೆ. ದೊಡ್ಡ ಕಂಪನಿಗಳಲ್ಲಿ ಅದು ಮೊದ್ಲು ಹೋಗೋದು ಎಟಿಎಸ್ ಅನ್ನೋ ಸಾಫ್ಟ್‌ವೇರಿಗೆ, ಅದು ರೆಸ್ಯೂಮೆ ಓದಿ ಹೆಸರು, ಅನುಭವ, ಸ್ಕಿಲ್ಸ್ ಅಂತ ಬಿಡಿಸಿ ಇಡುತ್ತೆ, ಎಚ್‌ಆರ್‌ನೋರು ಅದರೊಳಗೆ ಸರ್ಚ್ ಮಾಡ್ತಾರೆ. ಬಿಡಿಸೋದೇ ತಪ್ಪಾದ್ರೆ ಸರ್ಚಲ್ಲಿ ನೀವು ಬರೋದೇ ಇಲ್ಲ. ನನ್ನ ಫ್ರೆಂಡ್ ಒಬ್ಬಳದ್ದು ಎರಡು ಕಾಲಂ ಇರೋ ಚೆಂದದ ಡಿಸೈನ್ ರೆಸ್ಯೂಮೆ. ಅದರ ಪಿಡಿಎಫ್ ಓಪನ್ ಮಾಡಿ, ಎಲ್ಲಾ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿದ್ವಿ. ಎಡಗಡೆಯ "ಎಕ್ಸೆಲ್, ಪೇರೋಲ್" ಹೋಗಿ ಬಲಗಡೆಯ ಕೆಲಸದ ತಾರೀಕುಗಳ ಮಧ್ಯ ಕೂತಿತ್ತು, ಫೋನ್ ನಂಬರ್ ಕಾಣೆಯಾಗಿತ್ತು! ನಿಮ್ಮದನ್ನೂ ಇವತ್ತೇ ಹೀಗೆ ಚೆಕ್ ಮಾಡಿ, ಒಂದೇ ಕಾಲಂ, ಟೇಬಲ್ ಇಲ್ದೆ ಇರೋ ಸಾದಾ ಫಾರ್ಮ್ಯಾಟ್ ಸಾಕು. ನಾನು ಪೋರ್ಟಲನ್ನ ಜಾಸ್ತಿ ಬಳಸಿದ್ದು ಎಲ್ಲೆಲ್ಲಿ ಕೆಲ್ಸ ಖಾಲಿ ಇದೆ, ಜಾಬ್ ಡಿಸ್ಕ್ರಿಪ್ಷನಲ್ಲಿ ಯಾವ ಪದ ಪದೇ ಪದೇ ಬರುತ್ತೆ ಅಂತ ತಿಳ್ಕೊಳ್ಳೋಕೆ, ಅದಕ್ಕೆ ಅದು ನಿಜವಾಗ್ಲೂ ಬೆಸ್ಟ್.

ರೆಫರಲ್, ಅಂದ್ರೆ ಕಂಪನಿ ಒಳಗಿರೋರೇ ನಮ್ಮ ಹೆಸರು ಸೂಚಿಸೋದು, ಆ ವಿಷಯಕ್ಕೆ ಬಂದ್ರೆ, ಎಲ್ರೂ ಮೊದ್ಲು ಹೋಗೋದು ಆಪ್ತ ಸ್ನೇಹಿತರ ಹತ್ರ. ಆದ್ರೆ ಅವರಿಗೆ ಗೊತ್ತಿರೋ ಜಾಗಗಳೆಲ್ಲ ಹೆಚ್ಚುಕಮ್ಮಿ ನಮಗೂ ಗೊತ್ತಿರುತ್ತೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಹೇಳಿದ್ರು, ಹೊಸ ಮಾಹಿತಿ ಬರೋದು ದೂರದ ಪರಿಚಯದೋರಿಂದ ಅಂತ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಮೇಲೆ ನಡೆದ ಅಧ್ಯಯನದಲ್ಲೂ ಹೆಚ್ಚುಕಮ್ಮಿ ಅದೇ ಬಂತು: ತೀರಾ ಆಪ್ತರೂ ಅಲ್ಲ, ಬರೀ ಹೆಸರಿಗೆ ಕನೆಕ್ಷನ್ ಇರೋರೂ ಅಲ್ಲ, ಮಧ್ಯದಲ್ಲಿರೋರೇ ಕೆಲಸ ಸಿಗೋಕೆ ಜಾಸ್ತಿ ನೆರವಾಗೋದು. ನನಗೂ ಹಾಗೇ ಆಯ್ತು. ಹಳೇ ಆಫೀಸಿಗೆ ಆಡಿಟ್‌ಗೆ ಬರ್ತಿದ್ದ ಮೇಡಂ ಒಬ್ರು ಬೇರೆ ಕಂಪನಿ ಸೇರಿದ್ರು, ಅವರಿಗೆ ಹೀಗೆ ಬರೆದೆ: "ನಮಸ್ಕಾರ ಮೇಡಂ, ಆಡಿಟ್ ಟೈಮಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಫೈಲ್ ಕೊಡ್ತಿದ್ದೋಳು ನಾನು. ನಿಮ್ಮ ಕಂಪನೀಲಿ ವೆಂಡರ್ ಪೇಮೆಂಟ್ಸ್ ಟೀಮಿಗೆ ಒಂದು ಪೋಸ್ಟ್ ಇದೆ, ಲಿಂಕ್ ಕೆಳಗಿದೆ. ಆ ಟೀಮ್ ಬಗ್ಗೆ ಹತ್ತು ನಿಮಿಷ ಮಾತಾಡೋಕಾಗುತ್ತಾ? ಸರಿ ಅನ್ಸಿದ್ರೆ ಮಾತ್ರ ರೆಫರ್ ಮಾಡಿ." ಅವತ್ತು ಸಂಜೇನೇ ಫೋನ್ ಮಾಡಿದ್ರು. "ಏನಾದ್ರೂ ಓಪನಿಂಗ್ ಇದ್ರೆ ಹೇಳಿ" ಅಂತ ಕೇಳಿದ್ರೆ ಹುಡುಕೋ ಕೆಲ್ಸಾನೂ ಅವರ ತಲೆ ಮೇಲೆ ಹಾಕಿದ ಹಾಗಾಗುತ್ತೆ, ಪಾಪ ಯಾರು ತಾನೇ ಉತ್ತರ ಕೊಡ್ತಾರೆ?

ಇಲ್ಲೇ ಕ್ರಮದ ಮಾತು ಬರೋದು. ನೀವು ಪೋರ್ಟಲಲ್ಲಿ ಆಗ್ಲೇ ಅಪ್ಲೈ ಮಾಡ್ಬಿಟ್ಟಿದ್ರೆ ಎಷ್ಟೋ ಕಂಪನಿಗಳಲ್ಲಿ ಆಮೇಲೆ ಬರೋ ರೆಫರಲ್ ಲೆಕ್ಕಕ್ಕೇ ಬರಲ್ಲ, ಸಿಸ್ಟಮಲ್ಲಿ ನಿಮ್ಮ ಹೆಸರು ಮೊದ್ಲೇ ಇರುತ್ತೆ. ಅದಕ್ಕೆ ಪೋರ್ಟಲಲ್ಲಿ ಪೋಸ್ಟ್ ಕಂಡ ತಕ್ಷಣ ಬಟನ್ ಒತ್ಬೇಡಿ, ಒಳಗೆ ಯಾರಾದ್ರೂ ಗೊತ್ತಿದ್ದಾರಾ ನೋಡಿ, ಎರಡ್ಮೂರು ದಿನ ಕಾಯಿರಿ, ಯಾರೂ ಸಿಗ್ಲಿಲ್ಲ ಅಂದ್ರೆ ಅಪ್ಲೈ ಮಾಡಿ.

ಕನ್ಸಲ್ಟೆನ್ಸಿಲೂ, ಅಂದ್ರೆ ಕಂಪನಿಗಳಿಗೆ ಜನ ಹುಡುಕಿಕೊಡೋ ಏಜೆನ್ಸಿಗಳಲ್ಲೂ, ಇದೇ ಸಮಸ್ಯೆ, ಇನ್ನೂ ಜೋರಾಗಿ. ಅವರಿಗೆ ದುಡ್ಡು ಕೊಡೋದು ಕಂಪನಿ, ಸಾಮಾನ್ಯವಾಗಿ ನಿಮ್ಮ ಮೊದಲ ವರ್ಷದ ಸಂಬಳದ ಇಷ್ಟು ಪರ್ಸೆಂಟ್ ಅಂತ. ಒಂದೇ ಕಂಪನಿಗೆ ಇಬ್ರು ಕನ್ಸಲ್ಟೆಂಟ್‌ಗಳು ನಿಮ್ಮ ರೆಸ್ಯೂಮೆ ಕಳ್ಸಿದ್ರೆ ಫೀಸ್ ಯಾರಿಗೆ ಅನ್ನೋ ಜಗಳಕ್ಕೆ ಹೆದರಿ ಕಂಪನಿ ನಿಮ್ಮನ್ನೇ ಕೈಬಿಡಬಹುದು. "ನನ್ನನ್ನ ಕೇಳ್ದೆ ಯಾವ ಕಂಪನಿಗೂ ಕಳಿಸ್ಬೇಡಿ" ಅಂತ ಮೆಸೇಜಲ್ಲೇ ಬರೆದುಹಾಕಿ. ನಿಮ್ಮ ಹತ್ರಾನೇ ರಿಜಿಸ್ಟ್ರೇಷನ್ ಫೀಸ್ ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಪ್ಪಂದವೂ, ಕೆಲವು ವಿನಾಯಿತಿ ಬಿಟ್ರೆ, ಏಜೆನ್ಸಿಗಳು ಕೆಲಸಗಾರರಿಂದ ಫೀಸ್ ತಗೋಬಾರದು ಅಂತಾನೇ ಹೇಳುತ್ತೆ. ಅನುಭವ ಇರೋರಿಗೆ ಕನ್ಸಲ್ಟೆನ್ಸಿ ಪರ್ವಾಗಿಲ್ಲ, ಫ್ರೆಶರ್ಸ್‌ಗೆ ನನ್ನ ಪ್ರಕಾರ ಅಷ್ಟೇನೂ ಪ್ರಯೋಜನ ಇಲ್ಲ.

ಫ್ರೆಶರ್ಸ್‌ಗೆ, ಅಥವಾ ಪರಿಚಯವೇ ಇಲ್ದೋರಿಗೆ, ನೇರ ಮೇಲ್ ಒಳ್ಳೇದು, ಅದ್ರಲ್ಲೂ ಎಚ್‌ಆರ್ ಅಂತ ಪ್ರತ್ಯೇಕವಾಗಿ ಯಾರೂ ಇಲ್ಲದ ಸಣ್ಣ ಕಂಪನಿಗಳಿಗೆ. ಯಾರ ಕೈಕೆಳಗೆ ಕೆಲ್ಸ ಮಾಡ್ತೀರೋ ಅವರಿಗೇ ಬರೀರಿ, ಐದಾರು ಸಾಲು ಸಾಕು, ಅದರಲ್ಲಿ ಒಂದು ಸಾಲು ನೀವು ಮಾಡಿರೋ ಕೆಲಸದ್ದೇ ಇರಲಿ. ನಾನು ಬರೆದದ್ದು "ತಿಂಗಳ ಕೊನೆಯ ಕ್ಲೋಸಿಂಗ್ ತಡ ಆಗದ ಹಾಗೆ ಪೆಂಡಿಂಗ್ ಬಿಲ್‌ಗಳನ್ನ ವಾರವಾರ ಕ್ಲಿಯರ್ ಮಾಡೋ ಪಟ್ಟಿ ಒಂದನ್ನ ಮಾಡಿಟ್ಟಿದ್ದೆ" ಅಂತ, ಇಂಟರ್ವ್ಯೂಗೆ ಕರೆದೋರು ಮೊದ್ಲು ಕೇಳಿದ್ದೇ ಆ ಪಟ್ಟಿ ಬಗ್ಗೆ. ವಾರ ಬಿಟ್ಟು ಒಂದ್ಸಲ ನೆನಪಿಸಿ, ಅದಕ್ಕೂ ಉತ್ತರ ಬರ್ಲಿಲ್ಲ ಅಂದ್ರೆ ಮುಂದಿನ ಕಂಪನಿಗೆ ಬರೀರಿ.